ಗ್ಯಾರೇಜಿಗೆ ಸೇರಿದ ದಿನವನ್ನು ಯಾರು ಬರೆದಿಡುತ್ತಾರೆ?

ಕೊಡಗಿನ ನಾಪೋಕ್ಲು ಪೇಟೆಯ ಗ್ಯಾರೇಜೊಂದಕ್ಕೆ ಹೊಸ ಹುಡುಗ ಸೇರಿಕೊಂಡರೆ ಆ ಸಂಗತಿ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಅಪ್ಪನೋ ಸೋದರಮಾವನೋ ಜೊತೆಗೆ ಬಂದು, "ಇವನಿಗೆ ಓದು ಅಷ್ಟಕ್ಕಷ್ಟೇ, ಕೆಲಸ ಕಲಿಸಿಕೊಡಿ" ಎನ್ನುತ್ತಾರೆ. ಮೇಸ್ತ್ರಿ ಹುಡುಗನನ್ನು ಒಮ್ಮೆ ನೋಡಿ "ನಾಳೆಯಿಂದ ಬರಲಿ" ಎನ್ನುತ್ತಾರೆ. ಸಂಬಳ ಎಷ್ಟು, ಕಲಿಕೆ ಎಷ್ಟು ವರ್ಷ, ಏನೇನು ಕಲಿಸುತ್ತಾರೆ, ಕೈಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಎಂಬುದನ್ನು ಅವರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ. ಐದಾರು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕಟ್ಟುವಷ್ಟು ಪಳಗಿರುತ್ತಾನೆ. ಆದರೆ ಅವನು ಕಲಿತಿದ್ದಾನೆ ಎಂದು ಹೇಳುವ ಒಂದು ಚೂರು ಕಾಗದವೂ ಅವನ ಬಳಿ ಇರುವುದಿಲ್ಲ.

ಇದು ನಾಪೋಕ್ಲುವಿಗೆ ಮಾತ್ರ ಸೇರಿದ ಸಂಗತಿಯಲ್ಲ. ಮೂರ್ನಾಡು, ಸಿದ್ದಾಪುರ, ಸೋಮವಾರಪೇಟೆ, ಸುಳ್ಯ, ಸಕಲೇಶಪುರ, ಯಾವ ಸಣ್ಣ ಪೇಟೆಗೆ ಹೋದರೂ ಇದೇ ಕಥೆ. ನಾನು ನಾಪೋಕ್ಲುವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮೋಟಾರು ಮೆಕ್ಯಾನಿಕ್‌ನ ಕೆಲಸ ಎಷ್ಟು ಅನಿವಾರ್ಯ, ಅದರ ಕಲಿಕೆ ಎಷ್ಟು ಅನಾಥ ಎಂಬ ಎರಡೂ ಇಲ್ಲಿ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಕೊಡಗಿಗೆ ರೈಲು ಬಂದಿಲ್ಲ. ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ, ಗೊಬ್ಬರ, ಅಕ್ಕಿ, ಶಾಲೆಯ ಮಕ್ಕಳು, ಹೆರಿಗೆಗೆ ಹೊರಟ ಹೆಂಗಸು, ಎಲ್ಲರೂ ಎಲ್ಲವೂ ಟೈರಿನ ಮೇಲೆಯೇ ಸಾಗಬೇಕು. ನಾಪೋಕ್ಲುವಿನಿಂದ ಒಂದು ದಾರಿ ಕಕ್ಕಬ್ಬೆಯತ್ತ ಏರುತ್ತದೆ, ಒಂದು ಭಾಗಮಂಡಲಕ್ಕೆ ಹೋಗುತ್ತದೆ, ಇನ್ನೊಂದು ಮೂರ್ನಾಡಿನತ್ತ, ಮತ್ತೊಂದು ವಿರಾಜಪೇಟೆಗೆ. ಮಳೆಗಾಲದಲ್ಲಿ ಕಾವೇರಿ ಉಕ್ಕಿದರೆ ಪೇಟೆಯ ಹತ್ತಿರದ ಚೆರಿಯಪರಂಬು ಮುಳುಗುತ್ತದೆ, ಭಾಗಮಂಡಲದ ರಸ್ತೆಯ ಮೇಲೆ ನೀರು ನಿಲ್ಲುತ್ತದೆ, ಪೇಟೆ ಅರ್ಧ ದ್ವೀಪವಾಗುತ್ತದೆ. ಆ ದಿನಗಳಲ್ಲಿ ಪಿಕಪ್ಪಿನ ಕ್ಲಚ್ ಸುಟ್ಟುಹೋದರೆ ಕಂಪನಿಯ ಸರ್ವಿಸ್ ಸೆಂಟರಿನ ಟೋಲ್ ಫ್ರೀ ನಂಬರಿನಿಂದ ಏನೂ ಆಗುವುದಿಲ್ಲ. ಪೇಟೆಯ ಮೇಸ್ತ್ರಿಯೇ ಬರಬೇಕು. 2018ರ ಆಗಸ್ಟಿನಲ್ಲಿ ಜಿಲ್ಲೆಯ ಗುಡ್ಡಗಳು ಕುಸಿದು ರಸ್ತೆಗಳೇ ಇಲ್ಲವಾದಾಗ ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪುಗಳು ಎಷ್ಟು ಬೆಲೆಬಾಳುತ್ತವೆ ಎಂಬುದು ಹೊರಗಿನವರಿಗೂ ಅರ್ಥವಾಯಿತು. ಆ ಜೀಪುಗಳನ್ನು ಅಷ್ಟು ವರ್ಷ ಓಡುವ ಸ್ಥಿತಿಯಲ್ಲಿ ಇಟ್ಟವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಆ ಜೀಪು ತೋಟದ ಕಡಿದಾದ ದಾರಿಗಳಿಗೆ ಹೇಳಿ ಮಾಡಿಸಿದಂತಿತ್ತು, ಕೊಡಗು ಅದನ್ನು ತನ್ನದಾಗಿಸಿಕೊಂಡಿತು. ಅದರ ಜೊತೆಗೇ ಒಂದು ಗುರುಪರಂಪರೆಯೂ ಬೆಳೆಯಿತು. ಕೊಡವ ತಕ್ಕ್, ಮಲಯಾಳ, ಅರೆಭಾಷೆ, ತುಳು, ಕನ್ನಡ ಬೆರೆತ ಮಾತಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಲಿಸಿದ ವಿದ್ಯೆ ಅದು. ಮೊದಲ ತಿಂಗಳುಗಳಲ್ಲಿ ಹುಡುಗನ ಕೆಲಸ ಬಿಚ್ಚಿದ ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆಯುವುದು, ಹನ್ನೆರಡು-ಹದಿಮೂರು ಸ್ಪ್ಯಾನರ್ ಕೇಳಿದಾಗ ನೋಡದೆಯೇ ತೆಗೆದು ಕೊಡುವುದು, ಚಕ್ರ ಬಿಚ್ಚುವುದು, ಗ್ರೀಸ್ ತುಂಬುವುದು. ಆಮೇಲೆ ಕ್ಲಚ್ ಪ್ಲೇಟ್, ಬ್ರೇಕ್ ಲೈನರ್. ಬಹಳ ಕಾಲದ ಮೇಲೆ ಗೇರ್‌ಬಾಕ್ಸ್, ಎಂಜಿನ್. ಇದರ ನಡುವೆ ಯಾರೂ ಪಾಠವೆಂದು ಕರೆಯದ ಪಾಠವೊಂದು ನಡೆಯುತ್ತಿರುತ್ತದೆ. ಟ್ಯಾಪೆಟ್ ಸಡಿಲವಾದಾಗಿನ ಟಕಟಕ ಸದ್ದಿಗೂ ಬೇರಿಂಗ್ ಹೋದಾಗಿನ ಆಳದ ಬಡಿತಕ್ಕೂ ಇರುವ ವ್ಯತ್ಯಾಸ, ಸೈಲೆನ್ಸರಿನಿಂದ ಬರುವ ಹೊಗೆ ಕಪ್ಪೋ ನೀಲಿಯೋ ಬಿಳಿಯೋ ಎಂಬುದರ ಅರ್ಥ, ತುಕ್ಕು ಹಿಡಿದ ಬೋಲ್ಟ್ ಇನ್ನೆಷ್ಟು ತಿರುಗಿಸಿದರೆ ಮುರಿಯುತ್ತದೆ ಎಂಬ ಅಂದಾಜು. ಇದನ್ನು ತರಗತಿಯ ಹಲಗೆಯ ಮೇಲೆ ಬರೆದು ಕಲಿಸಲು ಸಾಧ್ಯವಿಲ್ಲ. ಕಿವಿ, ಮೂಗು, ಮಣಿಕಟ್ಟು ಕಲಿಯಬೇಕು, ಅದಕ್ಕೆ ನಿಜವಾದ ವಾಹನ, ನಿಜವಾದ ಗಿರಾಕಿ, ಸಂಜೆಯೊಳಗೆ ಗಾಡಿ ಬಿಡಬೇಕೆಂಬ ನಿಜವಾದ ಒತ್ತಡ ಬೇಕು.

ಆದ್ದರಿಂದ ನಾನು ಮೊದಲೇ ಹೇಳಿಬಿಡುತ್ತೇನೆ: ಈ ಕಸುಬಿಗೆ ಸಣ್ಣ ಗ್ಯಾರೇಜಿಗಿಂತ ಒಳ್ಳೆಯ ಶಾಲೆ ಇಲ್ಲ. ನನ್ನ ತಕರಾರು ಇರುವುದು ಎರಡು ಕಡೆ. ಸರ್ಕಾರ ಇದನ್ನು ಶಾಲೆಯೆಂದು ಒಪ್ಪುವುದಿಲ್ಲ. ಗ್ಯಾರೇಜು ಶಾಲೆಯ ಹೊಣೆಯನ್ನು ಹೊರುವುದಿಲ್ಲ.

ಸರ್ಕಾರದ ಕಡೆಯಿಂದ ಶುರುಮಾಡುತ್ತೇನೆ. ಅಪ್ರೆಂಟಿಸ್‌ಗಳ ಕಾಯ್ದೆ ನಮ್ಮಲ್ಲಿ 1961ರಿಂದ ಇದೆ. ಓದಿ ನೋಡಿದರೆ ಅದು ಕೆಟ್ಟ ಕಾಯ್ದೆಯಲ್ಲ. ಮಾಲೀಕನೂ ಕಲಿಯುವವನೂ ಕರಾರಿಗೆ ಸಹಿ ಹಾಕಬೇಕು, ಹುಡುಗ ಚಿಕ್ಕವನಾದರೆ ಪೋಷಕರ ಸಹಿ ಬೇಕು, ಕರಾರು ನೋಂದಣಿಯಾಗಬೇಕು. ಕಲಿಕೆಯ ಅವಧಿಯಲ್ಲಿ ತಿಂಗಳ ಭತ್ಯೆ ಕೊಡಬೇಕು. ಕೆಲಸ ಮಾಡುವಾಗ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕೆಂದು 16ನೇ ಕಲಂ ಹೇಳುತ್ತದೆ. ಕೊನೆಗೆ ಪರೀಕ್ಷೆ, ರಾಷ್ಟ್ರೀಯ ಪ್ರಮಾಣಪತ್ರ. 2019ರ ನಿಯಮಗಳ ತಿದ್ದುಪಡಿಯಲ್ಲಿ ಭತ್ಯೆಯ ಕನಿಷ್ಠ ಮೊತ್ತವನ್ನು ನಿಗದಿ ಮಾಡಿದರು. ಆಗ ಹತ್ತನೇ ತರಗತಿ ಪಾಸಾದವನಿಗೆ ಮೊದಲ ವರ್ಷ ತಿಂಗಳಿಗೆ 6,000 ರೂಪಾಯಿ, ಎರಡನೇ ವರ್ಷ ಅದಕ್ಕಿಂತ ಶೇಕಡಾ 10 ಹೆಚ್ಚು. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಈ ಭತ್ಯೆಯ ಶೇಕಡಾ 25ರಷ್ಟನ್ನು, ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಮೋಟಾರು ವಾಹನ ಮೆಕ್ಯಾನಿಕ್ ಈ ಕಾಯ್ದೆಯ ಕೆಳಗೆ ಬರುವ ಕಸುಬುಗಳಲ್ಲಿ ಹಳೆಯದು.

ಹಾಗಾದರೆ ತೊಂದರೆ ಎಲ್ಲಿ? ಲೆಕ್ಕದಲ್ಲಿ. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 30ರ ನಡುವೆ ಇರುವ ಸಂಸ್ಥೆ ಬೇಕಾದರೆ ತೆಗೆದುಕೊಳ್ಳಬಹುದು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಕಾಯ್ದೆಯ ಬಾಗಿಲು ಮುಚ್ಚಿದೆ. ಸಣ್ಣ ಪೇಟೆಯ ಗ್ಯಾರೇಜುಗಳನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಿ ಹೇಳಬೇಕಾಗಿಲ್ಲ. ಒಬ್ಬ ಮೇಸ್ತ್ರಿ, ಒಬ್ಬ ಹಿರಿಯ ಕೆಲಸಗಾರ, ಒಬ್ಬಿಬ್ಬರು ಹುಡುಗರು, ಬಹುಪಾಲು ಗ್ಯಾರೇಜುಗಳ ಸಂಸಾರ ಇಷ್ಟೇ. ದೇಶದ ವಾಹನಗಳಲ್ಲಿ ದೊಡ್ಡ ಪಾಲನ್ನು ರಿಪೇರಿ ಮಾಡುವವರು ಇವರು, ಆದರೆ ಕಲಿಕೆಯ ಕಾನೂನು ಶುರುವಾಗುವುದೇ ಇವರನ್ನು ದಾಟಿದ ಮೇಲೆ. ಮಡಿಕೇರಿಯ ಕೆ.ಎಸ್.ಆರ್.ಟಿ.ಸಿ. ಡಿಪೋಗೆ, ಮೈಸೂರಿನ ಕಂಪನಿ ಶೋರೂಮಿಗೆ ಈ ಕಾಯ್ದೆ ಹೊಂದುತ್ತದೆ. ನಾಪೋಕ್ಲುವಿನ ತಗಡಿನ ಸೂರಿಗೆ ಹೊಂದುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಜಾರಿಗೆ ಬಂತು. ಗುರುಶಿಷ್ಯ ಪರಂಪರೆಯಲ್ಲಿ ಉಳಿದುಬಂದ 18 ಕಸುಬುಗಳಿಗೆ ತರಬೇತಿ, ಉಪಕರಣ, ಸಾಲ, ಗುರುತಿನ ಚೀಟಿ ಕೊಡುವ ಯೋಜನೆ ಅದು. ಬಡಗಿ ಇದ್ದಾನೆ, ಕಮ್ಮಾರ ಇದ್ದಾನೆ, ಬೀಗ ಮಾಡುವವನಿದ್ದಾನೆ, ದರ್ಜಿ, ಕ್ಷೌರಿಕ, ದೋಣಿ ಕಟ್ಟುವವನು ಎಲ್ಲ ಇದ್ದಾರೆ. ಸಂತೋಷ, ಇರಬೇಕಾದವರೇ. ಆದರೆ ಮೋಟಾರು ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ. ಗುರುವಿನ ಪಕ್ಕ ಕುಳಿತು ಕೈಯಿಂದ ಕೈಗೆ ಕಲಿಯುವ ಕಸುಬು ಇಂದು ನಮ್ಮ ಕಣ್ಣೆದುರು ದಿನವೂ ನಡೆಯುತ್ತಿರುವುದು ಗ್ಯಾರೇಜಿನಲ್ಲಿ. ಅದು ಜಾತಿಯ ಕುಲಕಸುಬಲ್ಲ, ಯಾವ ಮನೆಯ ಹುಡುಗ ಬೇಕಾದರೂ ಬಂದು ಕಲಿಯಬಹುದಾದದ್ದು, ಅದರ ಹೆಚ್ಚುಗಾರಿಕೆಯೂ ಅದೇ. ಹಳೆಯದಲ್ಲ ಎಂಬ ಕಾರಣಕ್ಕೆ ಅದನ್ನು ಪರಂಪರೆಯಲ್ಲ ಎಂದುಕೊಂಡಂತಿದೆ.

ನಮ್ಮ ರಾಜ್ಯ ಒಂದು ಹೆಜ್ಜೆ ಮುಂದೆ ಹೋಗಿದೆ ಎಂಬುದನ್ನು ಹೇಳಲೇಬೇಕು. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕೆಲಸಗಳ ಕಾರ್ಮಿಕರಿಗಾಗಿ 2024ರಲ್ಲಿ ಕರ್ನಾಟಕ ಒಂದು ಸಾಮಾಜಿಕ ಭದ್ರತಾ ಕಾಯ್ದೆ ತಂದಿತು, ಚಾಲಕರ ಜೊತೆಗೆ ಗ್ಯಾರೇಜಿನ ಕೆಲಸಗಾರರನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿದೆ. ದುಡಿಯುವವನನ್ನು ರಾಜ್ಯ ಗುರುತಿಸಿತು. ಕಲಿಯುವವನನ್ನು ಗುರುತಿಸುವುದು ಬಾಕಿ ಇದೆ.

ಇನ್ನು ಗ್ಯಾರೇಜಿನ ಕಡೆಗೆ ಬರೋಣ. ಕಲಿಕೆ ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಕಾಗದ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಬ್ರೇಕ್ ಆಯಿಲ್‌ನ ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಕೊಡಗಿನಲ್ಲಿ ಅದು ಜೀವದ ಪ್ರಶ್ನೆ. ಬ್ರೇಕ್ ಪೆಡಲ್ ತುಳಿದಾಗ ಆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಪೈಪಿನಲ್ಲಿರುವ ದ್ರವ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಬ್ರೇಕ್ ಹಿಡಿಯುವುದು ಅದರಿಂದಲೇ. ಆದರೆ ಈ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಸಾಮಾನ್ಯವಾಗಿ ಬಳಸುವ ಡಾಟ್-3 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನಾಲ್ಕು ಪರ್ಸೆಂಟಿಗೂ ಕಡಿಮೆ ನೀರು ಸೇರಿಕೊಂಡರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕಕ್ಕಬ್ಬೆ ಕಡೆಯ ಇಳಿಜಾರಿನಲ್ಲಿ ಲೋಡ್ ತುಂಬಿದ ಪಿಕಪ್ ಬ್ರೇಕ್ ಮೇಲೆಯೇ ಇಳಿಯುತ್ತಿದ್ದರೆ ಡ್ರಮ್ಮು, ಡಿಸ್ಕು ಕಾಯುತ್ತವೆ, ಆ ಶಾಖ ದ್ರವಕ್ಕೆ ತಟ್ಟುತ್ತದೆ, ದ್ರವ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ಇದರಲ್ಲಿ ಅತ್ಯಂತ ಅಪಾಯದ ಸಂಗತಿ ಮುಂದಿನದು. ಗಾಡಿ ಹೇಗೋ ಬಚಾವಾಗಿ ಗ್ಯಾರೇಜಿಗೆ ಬರುವಷ್ಟರಲ್ಲಿ ಎಲ್ಲ ತಣ್ಣಗಾಗಿ ಆವಿ ಮತ್ತೆ ದ್ರವವಾಗಿರುತ್ತದೆ. ಪೆಡಲ್ ಗಟ್ಟಿಯಾಗಿರುತ್ತದೆ, ಸೋರಿಕೆ ಇರುವುದಿಲ್ಲ, ಲೈನರ್ ಸರಿಯಾಗಿರುತ್ತದೆ. ಕಾರಣ ಗೊತ್ತಿಲ್ಲದವನು "ಏನೂ ತೊಂದರೆ ಇಲ್ಲ" ಎಂದು ಸ್ವಲ್ಪ ಆಯಿಲ್ ತುಂಬಿಸಿ ಕಳಿಸುತ್ತಾನೆ. ಕಾರಣ ಗೊತ್ತಿದ್ದವನು ಹಳೆಯ ದ್ರವವನ್ನು ಪೂರ್ತಿ ಹೊರಹಾಕಿ ಹೊಸದನ್ನು ಹಾಕುತ್ತಾನೆ, ಎರಡು ವರ್ಷಕ್ಕೊಮ್ಮೆ ಬದಲಿಸಲು ಗಿರಾಕಿಗೆ ಹೇಳುತ್ತಾನೆ. ಅಷ್ಟೇ ಅಲ್ಲ, ಅರ್ಧ ಖಾಲಿಯಾದ ಬಾಟಲಿಯ ಮುಚ್ಚಳ ತೆರೆದು ಕಪಾಟಿನಲ್ಲಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ಊರಿನಲ್ಲಿ ತೆರೆದಿಟ್ಟ ಬಾಟಲಿಯ ಬ್ರೇಕ್ ಆಯಿಲ್ ಹೊಸ ಬಾಟಲಿಯದೇ ಆದರೂ ಹೊಸದಲ್ಲ. ಬ್ರೇಕ್ ಬ್ಲೀಡ್ ಮಾಡುವುದನ್ನು, ಅಂದರೆ ಪೈಪಿನೊಳಗಿನ ಗಾಳಿಯನ್ನು ಹೊರತೆಗೆಯುವುದನ್ನು, ಗ್ಯಾರೇಜು ಅದ್ಭುತವಾಗಿ ಕಲಿಸುತ್ತದೆ. ಯಾಕೆ ಎಂಬುದನ್ನು ಅನೇಕ ವೇಳೆ ಕಲಿಸುವುದಿಲ್ಲ, ಮೇಸ್ತ್ರಿಗೂ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಳೆಯ ಜೀಪಿನ ಕಾಲದಲ್ಲಿ ಈ ಕೊರತೆಯನ್ನು ಅನುಭವವೇ ತುಂಬಿಕೊಡುತ್ತಿತ್ತು. ಈಗ ಹಾಗಿಲ್ಲ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-4 ಮಾನದಂಡ 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಮಾನದಂಡ 2020ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಅನ್ವಯವಾದವು. ಈಗಿನ ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು 600 ಡಿಗ್ರಿಯ ಆಸುಪಾಸಿನ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಗಾಡಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಮೊದಲ-ಎರಡನೇ ಗೇರಿನಲ್ಲಿ ತಿರುಗುವ ಗಾಡಿಗೆ ಆ ಅವಕಾಶ ಸಿಗುವುದು ಕಷ್ಟ. ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಳ್ಳುತ್ತದೆ. ಇದನ್ನು ಅರಿಯದವನು ಸೆನ್ಸರ್ ಬದಲಿಸುತ್ತಾನೆ, ಮತ್ತೊಂದು ಸೆನ್ಸರ್ ಬದಲಿಸುತ್ತಾನೆ, ಗಿರಾಕಿಯ ದುಡ್ಡು ಹೋಗುತ್ತದೆ.

ದುಡ್ಡು ಹೋದರೆ ಹೋಗಲಿ, ಕೈ ಹೋಗಬಾರದು. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಸೇರಿಕೊಂಡರೆ ನಾಜಲ್ ಪೈಪಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮುವುದನ್ನು ನೋಡುವುದು ತಲೆಮಾರುಗಳಿಂದ ಬಂದ ಅಭ್ಯಾಸ. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಅದೇ ಪೈಪಿನ ಒತ್ತಡ 1,600 ಬಾರ್ ದಾಟುತ್ತದೆ. ಎಂಜಿನ್ ಓಡುತ್ತಿರುವಾಗ ಸಡಿಲಿಸಿದರೆ ಕಣ್ಣಿಗೂ ಕಾಣದಷ್ಟು ಸಣ್ಣ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಒಳಗೆ ಬೆರಳನ್ನೇ ಕತ್ತರಿಸಬೇಕಾದಷ್ಟು ಹಾನಿ. ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್‌ನಲ್ಲಿರುವುದು ನೂರಾರು ವೋಲ್ಟ್. ಹನ್ನೆರಡು ವೋಲ್ಟಿನ ಬ್ಯಾಟರಿಯ ತಂತಿಯನ್ನು ಉಜ್ಜಿ ಕಿಡಿ ನೋಡಿದ ಕೈ ಅಲ್ಲಿಗೆ ಹೋಗಬಾರದು. ಗುರು ಪ್ರೀತಿಯಿಂದ ಕಲಿಸಿದ ಅಭ್ಯಾಸವೇ ಶಿಷ್ಯನನ್ನು ಗಾಯಗೊಳಿಸಬಹುದಾದ ಕಾಲ ಇದು. ಆದ್ದರಿಂದ ಅಪ್ರೆಂಟಿಸ್‌ಶಿಪ್ ಎಂಬುದು ಹುಡುಗನೊಬ್ಬನ ಕಲಿಕೆಯಾಗಿ ಉಳಿಯುವಂತಿಲ್ಲ. ಮೇಸ್ತ್ರಿಯೂ ವರ್ಷಕ್ಕೆ ಕೆಲವು ದಿನ ಕಲಿಯಲು ಕೂರಬೇಕು.

ಹಾಗಾದರೆ ಎಲ್ಲರೂ ಐ.ಟಿ.ಐ.ಗೆ ಹೋಗಲಿ ಎನ್ನಬಹುದೇ? ಮೋಟಾರು ವಾಹನ ಮೆಕ್ಯಾನಿಕ್ ಐ.ಟಿ.ಐ.ಯಲ್ಲಿ ಎರಡು ವರ್ಷದ ಕೋರ್ಸು, ಹತ್ತನೇ ತರಗತಿ ಪಾಸಾಗಿರಬೇಕು. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ನವೀಕರಿಸಿ, 2022ರ ಜೂನ್ 20ರಂದು ಪ್ರಧಾನಿಯವರು ಉದ್ಘಾಟಿಸಿದರು. ಹೊಸ ಯಂತ್ರಗಳು ಬಂದಿವೆ, ವಿದ್ಯುತ್ ವಾಹನದ ಪಾಠವೂ ಬಂದಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೂ ಐ.ಟಿ.ಐ. ಮುಗಿಸಿ ಬಂದ ಹುಡುಗ ಮೊದಲ ದಿನವೇ ಗೇರ್‌ಬಾಕ್ಸ್ ಇಳಿಸುತ್ತಾನೆ ಎಂದು ನಂಬುವ ಮೇಸ್ತ್ರಿ ಇಲ್ಲ. ಪ್ರಯೋಗಾಲಯದ ಎಂಜಿನ್ನಿಗೆ ತುಕ್ಕು ಹಿಡಿದಿರುವುದಿಲ್ಲ, ಅದರ ಬೋಲ್ಟ್‌ಗಳನ್ನು ಹಿಂದಿನ ಬ್ಯಾಚಿನವರು ಹತ್ತಾರು ಸಲ ಬಿಚ್ಚಿರುತ್ತಾರೆ, ಅದಕ್ಕೆ ಕೆಸರಿನಲ್ಲಿ ಬಂದು ನಿಂತ ಗಿರಾಕಿ ಇರುವುದಿಲ್ಲ. ಕಾಗದವಿಲ್ಲದ ಕೈ ಒಂದು ಕಡೆ, ಕೈ ಪಳಗದ ಕಾಗದ ಇನ್ನೊಂದು ಕಡೆ. ಎರಡೂ ಒಂದೇ ಹುಡುಗನಲ್ಲಿ ಕೂಡುವಂತೆ ಮಾಡುವುದು ಬಿಟ್ಟು ನಾವು ಎರಡನ್ನೂ ಬೇರೆಬೇರೆ ರಸ್ತೆಯಲ್ಲಿ ಕಳಿಸುತ್ತಿದ್ದೇವೆ.

ಕೂಡಿಸಿದವರಿದ್ದಾರೆ. ಜರ್ಮನಿಯಲ್ಲಿ ಕಾರು ಮೆಕ್ಯಾನಿಕ್ ಆಗಲು ಮೂರೂವರೆ ವರ್ಷದ ಕಲಿಕೆ ಇದೆ. ಹುಡುಗ ವಾರದ ಬಹುಭಾಗ ವರ್ಕ್‌ಶಾಪಿನಲ್ಲಿ ಸಂಬಳ ಪಡೆದು ದುಡಿಯುತ್ತಾನೆ, ಉಳಿದ ಸಮಯ ವೃತ್ತಿಶಾಲೆಗೆ ಹೋಗುತ್ತಾನೆ. ಅಲ್ಲಿಯೂ ಕಲಿಸುವುದು ದೊಡ್ಡ ಕಾರ್ಖಾನೆಗಳು ಮಾತ್ರವಲ್ಲ, ಬೀದಿಯ ಸಣ್ಣ ವರ್ಕ್‌ಶಾಪುಗಳೂ ಕಲಿಸುತ್ತವೆ. ಒಂಟಿ ವರ್ಕ್‌ಶಾಪಿಗೆ ಪರೀಕ್ಷೆ ನಡೆಸುವ, ಕರಾರು ನೋಂದಾಯಿಸುವ ಶಕ್ತಿ ಇರುವುದಿಲ್ಲವಾದ್ದರಿಂದ ಕುಶಲಕರ್ಮಿಗಳ ಪ್ರಾದೇಶಿಕ ಸಂಘ ಆ ಕೆಲಸ ಮಾಡುತ್ತದೆ. ನಮ್ಮಲ್ಲಿಯೂ ಈ ಪದ್ಧತಿಯ ಎಳೆಗಳಿವೆ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ, ಅಂದರೆ ಇಂದಿನ ಬಾಷ್, ಅಪ್ರೆಂಟಿಸ್‌ಗಳನ್ನು ತಯಾರು ಮಾಡುವುದರಲ್ಲಿ ದೇಶಕ್ಕೇ ಹೆಸರಾಯಿತು. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತರಬೇತಿ ಶಾಲೆ ಹಳ್ಳಿಗಳ ಬಡ ಮನೆಗಳ ಮಕ್ಕಳನ್ನು ಹತ್ತನೇ ತರಗತಿಯ ನಂತರ ಆರಿಸಿಕೊಂಡು, ಇಟ್ಟುಕೊಂಡು, ಮೂರು ವರ್ಷ ಕಲಿಸುತ್ತದೆ. ಇವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಇವು ಕಾರ್ಖಾನೆಗೆ ಬೇಕಾದ ಕೈಗಳನ್ನು ತಯಾರು ಮಾಡುತ್ತವೆ, ನಾಪೋಕ್ಲುವಿನ ಮಳೆಯಲ್ಲಿ ನಿಂತ ಗಾಡಿಗೆ ಬೇಕಾದ ಕೈಯನ್ನು ನಾಪೋಕ್ಲುವೇ ತಯಾರು ಮಾಡಿಕೊಳ್ಳಬೇಕು.

ಗ್ಯಾರೇಜಿನವರು ಹೇಳುವ ಎರಡು ಮಾತುಗಳನ್ನು ಇಲ್ಲಿ ಎದುರಿಸಬೇಕು. ಒಂದು, "ಕಾಗದ ಬಂದರೆ ಅದರ ಹಿಂದೆ ಇನ್‌ಸ್ಪೆಕ್ಟರ್ ಬರುತ್ತಾನೆ." ಈ ಭಯ ಸುಳ್ಳಲ್ಲ. ಸಣ್ಣ ಕಸುಬಿನವರನ್ನು ಸರ್ಕಾರ ಕಂಡದ್ದೇ ದಂಡದ ರಸೀದಿಯ ಮೂಲಕ. ಆದ್ದರಿಂದಲೇ ಕರಾರಿನ ನೋಂದಣಿ ಕಾರ್ಮಿಕ ಇಲಾಖೆಯ ಮೆಟ್ಟಿಲಲ್ಲಿ ಆಗಬಾರದು, ಗ್ರಾಮ ಪಂಚಾಯಿತಿಯಲ್ಲಿ ಆಗಬೇಕು, ಒಂದೇ ಹಾಳೆಯಲ್ಲಿ ಆಗಬೇಕು, ಕನ್ನಡದಲ್ಲಿ ಆಗಬೇಕು. ಎರಡನೆಯ ಮಾತು, "ಕಲಿತ ಕೂಡಲೇ ಬಿಟ್ಟುಹೋಗುತ್ತಾರೆ." ಹೋಗುತ್ತಾರೆ, ನಿಜ. ಎದುರು ಬದಿಯಲ್ಲೇ ಗ್ಯಾರೇಜು ಹಾಕುವವರೂ ಇದ್ದಾರೆ, ಗಲ್ಫ್ ವಿಮಾನ ಹತ್ತುವವರೂ ಇದ್ದಾರೆ. ಆದರೆ ಸಂಬಳ ಬರೆದಿಡದ, ಅವಧಿ ಹೇಳದ ಕಡೆಯಿಂದ ಹುಡುಗ ಹೇಳದೇ ಹೋಗುವುದು ಸಹಜ. ಎರಡು ವರ್ಷವೆಂದು ಬರೆದಿದ್ದರೆ, ಕೊನೆಗೆ ಪರೀಕ್ಷೆಯಿದೆ ಎಂದು ಗೊತ್ತಿದ್ದರೆ, ಅಲ್ಲಿಯವರೆಗೆ ನಿಲ್ಲಲು ಅವನಿಗೂ ಕಾರಣವಿರುತ್ತದೆ. ಸರ್ಕಾರದ 1,500 ರೂಪಾಯಿ ಮೇಸ್ತ್ರಿಗೂ ಸಿಕ್ಕರೆ ಕಲಿಸಲು ಕಳೆದ ಹೊತ್ತಿಗೆ ಒಂದಿಷ್ಟು ಬೆಲೆ ಬಂದಂತಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳಲಾರೆ. ಮಕ್ಕಳ ದುಡಿಮೆಯನ್ನು ತಡೆಯುವ 1986ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ ಹದಿನಾಲ್ಕು ತುಂಬದ ಮಗುವನ್ನು ಹೊರಗಿನ ಯಾವ ಕೆಲಸಕ್ಕೂ ಹಚ್ಚುವಂತಿಲ್ಲ, ಹದಿನೆಂಟು ತುಂಬುವವರೆಗೆ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಜಾಕಿ ಮೇಲೆ ನಿಂತ ಗಾಡಿಯ ಅಡಿಗೆ ಹದಿನೈದರ ಹುಡುಗನನ್ನು ಕಳಿಸುವುದು ಕಲಿಸುವುದಲ್ಲ. ಹತ್ತನೇ ತರಗತಿ ಮುಗಿಯದೆ ಗ್ಯಾರೇಜಿಗೆ ಕಳಿಸಬೇಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಬಲವಾದ ಕಾರಣವೂ ಇದೆ. ಹತ್ತನೇ ತರಗತಿ ಪಾಸಾಗದವನಿಗೆ ಸಿಗುವ ಪಾಸ್‌ಪೋರ್ಟಿನಲ್ಲಿ ಗಲ್ಫ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಬಂಧನೆ ಇರುತ್ತದೆ. ಏಜೆಂಟರು ಸುಲಿಯುವುದು ಇಂಥವರನ್ನೇ. ಮುಂದೆ ಗಲ್ಫಿಗೆ ಕಳಿಸುವ ಆಸೆಯಿಂದಲೇ ಮಗನನ್ನು ಎಂಟನೇ ತರಗತಿಗೆ ಬಿಡಿಸಿ ಗ್ಯಾರೇಜಿಗೆ ಹಾಕುವ ತಂದೆ ಆ ಆಸೆಯ ಕಾಲನ್ನೇ ಕಡಿಯುತ್ತಿದ್ದಾರೆ.

ಹುಡುಗಿಯರ ಬಗ್ಗೆಯೂ ಒಂದು ಮಾತು. ಕೊಡಗಿನಲ್ಲಿ ಜೀಪು ಓಡಿಸುವ ಹೆಣ್ಣುಮಕ್ಕಳು ಹೊಸಬರಲ್ಲ. ಸ್ಪ್ಯಾನರ್ ಹಿಡಿಯುವವರು ಯಾಕೆ ಅಪರೂಪ ಎಂದರೆ, ಕರಾರಿಲ್ಲದ, ಸಮಯ ಗೊತ್ತಿಲ್ಲದ, ಶೌಚಾಲಯವಿಲ್ಲದ ಜಾಗಕ್ಕೆ ಮಗಳನ್ನು ಕಳಿಸಲು ಯಾವ ಮನೆಯೂ ಒಪ್ಪುವುದಿಲ್ಲ. ಅಲ್ಲಿಯೂ ಅಡ್ಡ ನಿಂತಿರುವುದು ಕಸುಬಿನ ಭಾರವಲ್ಲ, ಕಲಿಕೆಯ ಅವ್ಯವಸ್ಥೆ.

ಆಗಬೇಕಾದ ಕೆಲಸ ದೊಡ್ಡದಲ್ಲ. ನಾಲ್ಕು ಮಂದಿಯ ಮಿತಿಯನ್ನು ಒಬ್ಬ ಮೇಸ್ತ್ರಿಗೆ ಇಳಿಸಬೇಕು, ಇದು ದೆಹಲಿಯಲ್ಲಿ ಆಗಬೇಕಾದದ್ದು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅಪ್ರೆಂಟಿಸ್ ವ್ಯವಸ್ಥೆಯಲ್ಲಿ ಸಣ್ಣ ಉದ್ಯಮಗಳನ್ನು ಒಟ್ಟುಗೂಡಿಸಿ ತರಬೇತಿ ನಡೆಸಿಕೊಡುವ ಮೂರನೇ ಸಂಸ್ಥೆಗಳಿಗೆ ಈಗಲೂ ಅವಕಾಶವಿದೆ. ನಾಪೋಕ್ಲು, ಮೂರ್ನಾಡು, ಕಕ್ಕಬ್ಬೆಗಳ ಗ್ಯಾರೇಜುಗಳು ಸೇರಿ ಒಂದು ಗುಂಪಾದರೆ, ವಾರದಲ್ಲಿ ಒಂದು ದಿನ ಎಲ್ಲ ಕಲಿಕೆಯ ಹುಡುಗರು ಮಡಿಕೇರಿಯ ಸರ್ಕಾರಿ ಐ.ಟಿ.ಐ.ಯಲ್ಲಿ ಕೂತು ಬ್ರೇಕ್ ದ್ರವ ಯಾಕೆ ಕುದಿಯುತ್ತದೆ, ಮಲ್ಟಿಮೀಟರ್ ಹೇಗೆ ಹಿಡಿಯಬೇಕು, ಕಾಮನ್ ರೈಲಿನಲ್ಲಿ ಏನನ್ನು ಮುಟ್ಟಬಾರದು ಎಂಬುದನ್ನು ಕಲಿಯಬಹುದು. ಉಳಿದ ಐದು ದಿನ ಗ್ಯಾರೇಜು, ಒಂದು ದಿನ ರಜೆ. ಈಗಾಗಲೇ ಹತ್ತಿಪ್ಪತ್ತು ವರ್ಷ ದುಡಿದ ಕೈಗಳಿಗೆ ಅವರ ಹಿಂದಿನ ಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಅದನ್ನು ನಾಪೋಕ್ಲು ಪೇಟೆಗೇ ತಂದು ಒಂದು ಭಾನುವಾರ ಮೇಸ್ತ್ರಿಗಳಿಗೆ ಪರೀಕ್ಷೆ ಮಾಡಿದರೆ, ಕಲಿಸುವವರಿಗೇ ಮೊದಲು ಕಾಗದ ಸಿಕ್ಕಂತಾಗುತ್ತದೆ. ಕಾಗದದ ಬೆಲೆ ತಿಳಿದ ಗುರು ಶಿಷ್ಯನಿಗೂ ಅದನ್ನು ಕೊಡಿಸುತ್ತಾನೆ.

ಇದೆಲ್ಲ ಆಗುವವರೆಗೂ ತಂದೆತಾಯಿಗಳು ಒಂದು ಕೆಲಸ ಮಾಡಬಹುದು. ಬರುವ ಜೂನ್‌ನಲ್ಲಿ ಮಗನನ್ನೋ ಮಗಳನ್ನೋ ಗ್ಯಾರೇಜಿಗೆ ಕರೆದುಕೊಂಡು ಹೋದಾಗ ಜೊತೆಗೆ ಒಂದು ಹಾಳೆ ತೆಗೆದುಕೊಂಡು ಹೋಗಿ. ಸೇರಿದ ತಾರೀಖು, ಕಲಿಕೆಯ ಅವಧಿ, ತಿಂಗಳ ಹಣ, ವಾರದ ರಜೆ, ಗಾಯವಾದರೆ ಖರ್ಚು ಯಾರದು, ಎಂಜಿನ್ ಕೆಲಸವನ್ನು ಯಾವ ವರ್ಷದಿಂದ ಕಲಿಸುತ್ತಾರೆ, ಇಷ್ಟನ್ನು ಅದರಲ್ಲಿ ಬರೆಯಿರಿ. ಮೇಸ್ತ್ರಿಯ ಸಹಿ ಕೇಳಿ, ನಿಮ್ಮ ಸಹಿ ಹಾಕಿ, ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಳ್ಳೆಯ ಮೇಸ್ತ್ರಿ ಸಹಿ ಹಾಕಲು ಹಿಂಜರಿಯುವುದಿಲ್ಲ. ಹಿಂಜರಿಯುವವರ ಬಳಿ ಮಗುವನ್ನು ಬಿಡಬೇಡಿ.